ಮೊದಲಿಗಿಂತ ಜೋರಾಗಿ

೧೧ ಜನವರಿ ೧೯೯೮, ಭಾನುವಾರ

ಇವತ್ತೂ ಬಸ್ಸಿನಲ್ಲಿ ಸೀಟಿಲ್ಲ. ಗಾವಡಗೆರೆಯಿಂದ ಹುಣಸೂರಿಗೆ ನಿಂತೇ, ಹುಣಸೂರಿನಿಂದ ಮೈಸೂರಿಗೂ ನಿಂತೇ. ಕ್ಲಾಸಿಗೆ ಹೋಗುವಷ್ಟರಲ್ಲಿ ನೀಲಾಂಬಿಕೆ ಮೇಡಂ ಅರ್ಧ ಬೋರ್ಡು ತುಂಬಿಸಿಬಿಟ್ಟಿದ್ದರು.

ಹೊಸ ಪಾಠ. ಹೋಲಿಸುವುದು. ಚಿಕ್ಕದು, ಅದಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಚಿಕ್ಕದು – ಕ್ಲೈನ್, ಕ್ಲೈನರ್, ಆಮ್ ಕ್ಲೈನ್‌ಸ್ಟೆನ್. ಪದದ ಬಾಲಕ್ಕೆ ‘ಎರ್’ ಹಚ್ಚಿದರೆ ಒಂದು ಮೆಟ್ಟಿಲು. ಮುಂದೆ ‘ಆಮ್’, ಹಿಂದೆ ‘ಸ್ಟೆನ್’ ಹಚ್ಚಿದರೆ ತುದಿ. ಕೆಲವಕ್ಕೆ ಬಾಲ ಹಚ್ಚಿದ ಕೂಡಲೇ ಹೊಟ್ಟೆಯ ಸ್ವರವೂ ತಿರುಗಿಬಿಡುತ್ತದೆ. ಆಲ್ಟ್ ಅಂದರೆ ಮುದಿ. ಇನ್ನೂ ಮುದಿ ಅನ್ನಬೇಕಾದರೆ ಆಲ್ಟರ್ ಅಲ್ಲ, ಎಲ್ಟರ್. ಇನ್ನು ಕೆಲವು ಪೂರಾ ವೇಷವನ್ನೇ ಬದಲಾಯಿಸುತ್ತವೆ. ಗೂಟ್ – ಒಳ್ಳೆಯದು. ಅದಕ್ಕಿಂತ ಒಳ್ಳೆಯದು ಬೆಸ್ಸರ್. ಇವನ್ನು ಉರು ಹೊಡೆಯಬೇಕಷ್ಟೇ, ಬೇರೆ ದಾರಿಯಿಲ್ಲ.

ನಮ್ಮಲ್ಲಿ ಪದ ಅಲುಗುವುದೇ ಇಲ್ಲ. ದೊಡ್ಡದು ದೊಡ್ಡದೇ. ಪಕ್ಕದಲ್ಲಿ ಇನ್ನೊಂದನ್ನು ತಂದು ನಿಲ್ಲಿಸಿ ‘ಗಿಂತ’ ಅಂದರೆ ಆಯಿತು. ಮೇಡಂಗೆ ಹೇಳಿದೆ. ನಕ್ಕರು. “ಅದಕ್ಕೇ ನಮ್ಮೋರಿಗೆ ಈ ಪಾಠ ಕಷ್ಟ ಪವಿತ್ರಾ” ಅಂದರು.

ಮಾರ್ಚಿನಲ್ಲಿ ಪರೀಕ್ಷೆ. ಪಾಸಾಗಲೇಬೇಕು. ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಇನ್ನೂ ಎಷ್ಟು ಕಾಲ ಬರೀ ಟೈಪಿಸ್ಟು... ಜರ್ಮನಿಯಿಂದ ಬರುವ ಫ್ಯಾಕ್ಸು ಓದುವವರು ಅಲ್ಲಿ ಯಾರೂ ಇಲ್ಲ. ಪಾಸಾದರೆ ಎಕ್ಸ್‌ಪೋರ್ಟ್ ಸೆಕ್ಷನ್ ಅಂತ ಮ್ಯಾನೇಜರ್ ಬಾಯಿಬಿಟ್ಟು ಹೇಳಿದ್ದಾರೆ.

೧೪ ಜನವರಿ, ಬುಧವಾರ

ಹಬ್ಬ. ವಸಂತಣ್ಣ ಬಂದಿದ್ದ. ಮೈಸೂರಿನ ಟ್ರಾವೆಲ್ಸಿನವರು ಒಂದು ದಿನ ರಜೆ ಕೊಟ್ಟರಂತೆ. ಈಗ ಕಬಿನಿ ಕಡೆಗೆ ಫಾರಿನ್ನರನ್ನು ಕರೆದುಕೊಂಡು ಹೋಗುವ ಡ್ಯೂಟಿಯೇ ಜಾಸ್ತಿ. ಎತ್ತುಗಳ ಮೈ ತೊಳೆಯುತ್ತಾ ಕೂಗಿದ –

“ಏ ಪವಿ, ಸ್ಪೀಡಾಗಿ ಅನ್ನಕ್ಕೆ ಜರ್ಮನ್ನಲ್ಲಿ ಏನೇ?”

“ಶ್ನೆಲ್. ಇನ್ನೂ ಸ್ಪೀಡಾಗಿ ಅಂದ್ರೆ ಶ್ನೆಲ್ಲರ್.”

“ನಿಧಾನ?”

“ಲಾಂಗ್‌ಸಾಮ್. ಇನ್ನೂ ನಿಧಾನಕ್ಕೆ ಲಾಂಗ್‌ಸಾಮರ್.”

ನನಗಿಂತ ಬೇಗ ಹಿಡಿದ. ನಾಲಗೆ ನನಗಿಂತ ಚೆನ್ನಾಗಿ ತಿರುಗುತ್ತದೆ. ಸಂಜೆ ಕಿಚ್ಚು ಹಾಯಿಸುವಾಗ ಬೆದರಿದ ಎತ್ತಿನ ಹಗ್ಗ ಹಿಡಿದು “ಲಾಂಗ್‌ಸಾಮರ್, ಲಾಂಗ್‌ಸಾಮರ್ ಕಣಪ್ಪ” ಅಂತ ಸವರುತ್ತಿದ್ದ. ಬೀದಿಯವರೆಲ್ಲ ನಕ್ಕಿದ್ದೇ ನಕ್ಕಿದ್ದು. ಅವ್ವ ಬೈದಳು – “ಎತ್ತಿಗಾದ್ರೂ ಕನ್ನಡ ಮಾತಾಡ್ಲಾ!”

ಅಪ್ಪ ಹೋದ ಮೇಲೆ ಈ ಮನೆಯಲ್ಲಿ ಇಷ್ಟು ನಗು ಕೇಳಿರಲಿಲ್ಲ.

೧೮ ಜನವರಿ, ಭಾನುವಾರ

ಇವತ್ತು ಮೇಡಂ ಹೇಳಿದ್ದು ವಿಚಿತ್ರವಾಗಿತ್ತು. ಜರ್ಮನ್ನಿನಲ್ಲಿ ಕೆಲವು ಸಲ ‘ಇನ್ನೂ’ ಅನ್ನುವುದು ಕಡಿಮೆಯಂತೆ. ‘ಎಲ್ಟರ್’ ಆದ ಹೆಂಗಸು ಅಂದರೆ ‘ಆಲ್ಟ್’ ಹೆಂಗಸಿಗಿಂತ ಚಿಕ್ಕವಳು – ವಯಸ್ಸಾಗುತ್ತಿದೆ, ಮುದುಕಿಯಾಗಿಲ್ಲ. ಕಾಯಿಲೆಯವರು ‘ಬೆಸ್ಸರ್’ ಅಂದರೆ ಹುಷಾರಾದರು ಅಂತಲ್ಲ. ನಿನ್ನೆಗಿಂತ ಪರವಾಗಿಲ್ಲ, ಅಷ್ಟೇ. ಪೂರಾ ಹುಷಾರಾದವರು ‘ಗೂಟ್’ ಅನ್ನುತ್ತಾರೆ.

“ಹಾಗಾದ್ರೆ ಬೆಸ್ಸರ್ ಅನ್ನೋದು ಗೂಟ್‌ಗಿಂತ ಕಡಿಮೆನಾ ಮೇಡಂ?”

“ಎಷ್ಟೋ ಸಲ ಹೌದು.”

ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಾ ಬಂದೆ. ತಲೆ ಕೆಟ್ಟಿತು.

೨೪ ಜನವರಿ, ಶನಿವಾರ. ಹ್ಯಾಂಡ್‌ಪೋಸ್ಟ್

ನರ್ಸಿಂಗ್ ಹೋಮಿನ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಆಫೀಸಿಗೆ ಫೋನು. ನಿನ್ನೆ ಸಂಜೆ ವಸಂತಣ್ಣನ ಕಾರು ಆಕ್ಸಿಡೆಂಟು. ಹ್ಯಾಂಡ್‌ಪೋಸ್ಟಿನಿಂದ ಕಬಿನಿ ಕಡೆಗೆ ಹೋಗುವ ರಸ್ತೆ. ತಿರುವಿನಲ್ಲಿ ಸೌದೆ ತುಂಬಿದ ಗಾಡಿ, ದೀಪವಿಲ್ಲ. ತಪ್ಪಿಸಲು ಹೋಗಿ ಮರಕ್ಕೆ. ಕಾರಿನಲ್ಲಿ ಗಂಡ ಹೆಂಡತಿ, ಜರ್ಮನ್ನರು. ಗಂಡನ ತಲೆಗೆ ಪೆಟ್ಟು. ರಾತ್ರಿಯೇ ಮೈಸೂರಿಗೆ ಸಾಗಿಸಿದ್ದಾರೆ. ಜರ್ಮನ್ ಬರುವ ಟೂರಿನ ಗೈಡು ಆ ಕಾರಿನಲ್ಲಿರಲಿಲ್ಲ, ಈಗ ಅವರ ಜೊತೆ ಹೋಗಿದ್ದಾನೆ. ಹೆಂಡತಿ ಇಲ್ಲಿ, ನರ್ಸಿಂಗ್ ಹೋಮಿನಲ್ಲಿ.

ಅಣ್ಣ ವರಾಂಡದ ಬೆಂಚಿನ ಮೇಲಿದ್ದ. ಎಡಗೈಗೆ ಹಸಿ ಪ್ಲಾಸ್ಟರು. ಪಕ್ಕದಲ್ಲಿ ಒಬ್ಬ ಪೊಲೀಸು ಬೀಡಿ ಸೇದುತ್ತಾ ಕೂತಿದ್ದ. ನನ್ನನ್ನು ನೋಡಿ ಅಣ್ಣ ಮುಖ ತಿರುಗಿಸಿದ.

“ನೋವದಾ ಅಣ್ಣ?”

“ನನ್ಗೇನಾಗದೆ ಬುಡು. ಆ ಯಜಮಾನ್ರು ಉಳುದ್ರೆ ಸಾಕು.” ಒಳಗಿನ ಬಾಗಿಲು ತೋರಿಸಿ – “ಡಾಕ್ಟ್ರಿಗೆ ಏಳಿವ್ನಿ, ನನ್ ತಂಗಿಗೆ ಜರ್ಮನ್ ಬತ್ತದೆ ಅಂತ. ಒಳೀಕ್ ಓಗು. ಆಯಮ್ಮನ ಮಾತು ಯಾರ್ಗೂ ತಿಳೀತಿಲ್ಲ.”

ಡಾಕ್ಟರ್ ಮಹದೇವಪ್ಪ ಒಳ್ಳೆಯವರ ಹಾಗೆ ಕಾಣುತ್ತಾರೆ. ರಾತ್ರಿಯೆಲ್ಲ ನಿದ್ದೆ ಮಾಡದ ಮುಖ. ಡ್ರೈವರನ ತಂಗಿ ಅಂತ ಇಲ್ಲಿ ಯಾರ ಹತ್ತಿರವೂ ಹೇಳಬೇಡ ಅಂದರು. “ಆ ಹೆಂಗಸಿಗಂತೂ ಬೇಡವೇ ಬೇಡ.”

ಅವರ ಹೆಸರು ಎಡಿತ್. ಅರವತ್ತು ದಾಟಿದೆ. ಬಿಳಿ ಕೂದಲು, ಹಣೆಯ ಮೇಲೆ ಬ್ಯಾಂಡೇಜು, ಒಂದು ಕಾಲಿಗೆ ಕಲ್ಲು ಕಟ್ಟಿ ತೂಗು ಹಾಕಿದ್ದಾರೆ. ಪಕ್ಕೆಲುಬೂ ಮುರಿದಿವೆ. ಇಂಗ್ಲಿಷ್ ಒಂದಕ್ಷರ ಬರುವುದಿಲ್ಲ. ಪೂರ್ವ ಜರ್ಮನಿಯವರು – ಅಲ್ಲಿ ಶಾಲೆಯಲ್ಲಿ ರಷ್ಯನ್ ಕಲಿಸುತ್ತಿದ್ದರಂತೆ.

“ಗುಟೆನ್ ಟಾಗ್” ಅಂದೆ. ನನ್ನ ಕೈ ಹಿಡಿದು ಅಳತೊಡಗಿದರು. ಒಂದೇ ಉಸಿರಿಗೆ ಏನೇನೋ ಹೇಳಿದರು. ನಾಲ್ಕರಲ್ಲಿ ಒಂದು ಪದ ಸಿಕ್ಕಿತು. “ಲಾಂಗ್‌ಸಾಮರ್, ಬಿಟ್ಟೆ” ಅಂದೆ – ಇನ್ನೂ ನಿಧಾನಕ್ಕೆ, ದಯವಿಟ್ಟು. ಆ ಪದ ಕೇಳಿ ಯಾಕೋ ಕಣ್ಣು ಮುಚ್ಚಿಕೊಂಡರು.

ಮತ್ತೆ ಕೇಳಿದ್ದು ಒಂದೇ. ರೂಡಿ ಹೇಗಿದ್ದಾನೆ? ರೂಡಿ ಅಂದರೆ ಗಂಡ.

ಗೊತ್ತಿಲ್ಲ ಅಂದೆ. ಅದು ನಿಜವೂ ಆಗಿತ್ತು.

೨೫ ಜನವರಿ, ಭಾನುವಾರ

ರೂಡಿ ಹೋದರು. ಬೆಳಗಿನ ಜಾವ, ಮೈಸೂರಿನಲ್ಲಿ. ಗೈಡು ಡಾಕ್ಟರಿಗೆ ಫೋನು ಮಾಡಿದ.

ಡಾಕ್ಟರು ನನ್ನನ್ನು ತಮ್ಮ ರೂಮಿಗೆ ಕರೆದರು. “ಇವರ ಬಿಪಿ ನೋಡಿದ್ಯಾ? ಹಾರ್ಟೂ ಸರಿಯಿಲ್ಲ. ಈಗ ಹೇಳಿದ್ರೆ ಇವರನ್ನೂ ಕಳ್ಕೋತೀವಿ. ಮೈಸೂರಿಗೆ ಸಾಗಿಸೋ ಹಾಗಾಗ್ಲಿ, ಆಮೇಲೆ ಅಲ್ಲಿಯವರು ಹೇಳ್ತಾರೆ.”

“ಕೇಳಿದ್ರೆ ಏನ್ಹೇಳ್ಲಿ ಸಾರ್?”

“ಪರವಾಗಿಲ್ಲ, ಸುಧಾರಿಸ್ತಿದಾರೆ ಅನ್ನು. ನಾವು ನಮ್ಮವರಿಗೆ ಹೇಳಲ್ವಾ ಹಂಗೇ.”

ಒಳಗೆ ಹೋದೆ. ಕೇಳಿದರು. “ಎಸ್ ಗೇಟ್ ಈಮ್ ಬೆಸ್ಸರ್” ಅಂದೆ. ಅವರಿಗೆ ನಿನ್ನೆಗಿಂತ ವಾಸಿ. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ.

ಎಡಿತ್ ನಕ್ಕರು. ಬಂದ ಮೇಲೆ ಮೊದಲ ಸಲ ನಕ್ಕಿದ್ದು.

ಆಯಾ ರಾಚಮ್ಮ ಸಂಜೆ ಮಲ್ಲಿಗೆ ತಂದು ಅವರ ಬಿಳಿ ಕೂದಲಿಗೆ ಮುಡಿಸಿದಳು. ಹೊರಗೆ ಬಂದ ಮೇಲೆ ಕೇಳಿದೆ – ಗೊತ್ತಿದ್ದೂ ಯಾಕಮ್ಮ? ಸೆರಗಿನಲ್ಲಿ ಮೂಗೊರೆಸಿಕೊಂಡು ಅಂದಳು, “ಆಯಮ್ಮಂಗೆ ಇನ್ನೂ ತಿಳೀದಲ್ಲವ್ವ. ತಿಳಿಯಗಂಟ ಮುತ್ತೈದೆಯೇ. ಎಲ್ಡ್ ದಿನ ಮುಡ್ಕಳ್ಳಿ ಬುಡು.”

೨೬ ಜನವರಿ, ಸೋಮವಾರ

ಬೆಸ್ಸರ್.

೨೭ ಜನವರಿ, ಮಂಗಳವಾರ

ಬೆಸ್ಸರ್.

ಮಾತು ಈಗ ಸ್ವಲ್ಪ ಸಲೀಸು. ಅವರು ನಿಧಾನವಾಗಿ ಹೇಳುತ್ತಾರೆ, ನಾನು ತಪ್ಪಿದರೆ ತಿದ್ದುತ್ತಾರೆ. ರೂಡಿ ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡುತ್ತಿದ್ದರು. ಗೋಡೆ ಬೀಳುವವರೆಗೆ ಅವರನ್ನು ಇಂಥ ಊರುಗಳಿಗೆ ಯಾರೂ ಬಿಡುತ್ತಿರಲಿಲ್ಲ. ಬೇಲಿಯಿಲ್ಲದ ಕಡೆ ನಿಂತ ಆನೆಯನ್ನು ಒಂದು ಸಲ ನೋಡಬೇಕು ಅನ್ನುವುದು ರೂಡಿಯ ಆಸೆ.

ನನಗೆ ‘ಇಷ್ಟ’ದ ಮೂರು ಮೆಟ್ಟಿಲು ಹೇಳಿಕೊಟ್ಟರು. ಅದೂ ವೇಷ ಬದಲಿಸುವ ಪದ. ರೂಡಿ ಚಹಾ ಕುಡಿಯುವುದು ಗೆರ್ನ್ – ಇಷ್ಟಪಟ್ಟು. ಕಾಫಿ ಲೀಬರ್ – ಅದಕ್ಕಿಂತ ಇಷ್ಟ. ಆಮ್ ಲೀಬ್‌ಸ್ಟೆನ್ – ಎಲ್ಲಕ್ಕಿಂತ ಇಷ್ಟ – ಏನೂ ಕುಡಿಯದೆ ಕಿಟಕಿಯ ಹತ್ತಿರ ಸುಮ್ಮನೆ ಕೂರುವುದು. ಹೇಳಿ ಮತ್ತೆ ನಕ್ಕರು. “ನನಗಿಂತ ಎರಡು ವರ್ಷ ಚಿಕ್ಕವನು. ಯುಂಗರ್. ಅದಕ್ಕೇ ನನ್ನ ಮಾತು ಕೇಳುವುದಿಲ್ಲ.”

ಹೊರಗೆ ಹೋಗಿ ಕೊಳಾಯಿ ಬಿಟ್ಟು ಮುಖಕ್ಕೆ ನೀರು ಹಾಕಿಕೊಂಡೆ.

೨೮ ಜನವರಿ, ಬುಧವಾರ

ಗೊತ್ತಾಯಿತು. ನಾನು ಹೇಳಲಿಲ್ಲ. ಅವರೇ...

ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದೆ. ಮಾಮೂಲಿನಂತೆ ಕೇಳಿದರು. ಬೆಸ್ಸರ್ ಅಂದೆ. ಚಮಚವನ್ನು ಕೈಯಿಂದ ತಡೆದರು.

“ಭಾನುವಾರ ಬೆಸ್ಸರ್. ಸೋಮವಾರ ಬೆಸ್ಸರ್. ನಿನ್ನೆ ಬೆಸ್ಸರ್. ಇವತ್ತೂ ಬೆಸ್ಸರ್. ಅಷ್ಟೆಲ್ಲ ವಾಸಿಯಾದ ಮೇಲೆ ಇವತ್ತು ಗೂಟ್ ಆಗಿರಬೇಕಲ್ಲ?”

ಗೂಟ್ ಅನ್ನಬಹುದಿತ್ತು. ಒಂದು ಸಣ್ಣ ಪದ. ಬಾಯಿ ತೆರೆದೆ. ಬರಲಿಲ್ಲ. ಬೆಸ್ಸರ್ ಅನ್ನುವಾಗ ಅಷ್ಟು ಕಷ್ಟವಾಗಿರಲಿಲ್ಲ... ಗೂಟ್ ಆಗಲೇ ಇಲ್ಲ.

ನನ್ನ ಮುಖವನ್ನು ತುಂಬಾ ಹೊತ್ತು ನೋಡಿದರು. ಆಮೇಲೆ, ಪ್ರಶ್ನೆ ಅಲ್ಲ, ಮೆಲ್ಲಗೆ –

“ಎರ್ ಇಸ್ಟ್ ಟೋಟ್.” ಅವನು ಸತ್ತಿದ್ದಾನೆ.

ತಲೆಯಾಡಿಸಿದೆ.

“ಯಾವಾಗ?”

“ಭಾನುವಾರ.”

ಕೂಗಲಿಲ್ಲ. ಎದೆ ಹಿಡಿದುಕೊಳ್ಳಲಿಲ್ಲ. ಡಾಕ್ಟರು ಹೆದರಿದ್ದು ಯಾವುದೂ ಆಗಲಿಲ್ಲ. ಗೋಡೆಯ ಕಡೆ ಮುಖ ಮಾಡಿದರು. ಪಕ್ಕೆಲುಬು ಮುರಿದಿರುವುದರಿಂದ ಬಿಕ್ಕಲೂ ಆಗುವುದಿಲ್ಲ. ಉಸಿರು ಚೂರು ಚೂರಾಗಿ ಬರುತ್ತಿತ್ತು.

ರಾಚಮ್ಮ ಬಂದಳು. ಒಂದೇ ನೋಟಕ್ಕೆ ತಿಳಿದುಕೊಂಡಳು. ಬಾಗಿಲಲ್ಲೇ ನಿಂತು ಅಂದಳು, “ಊವ ತೆಗ್ದುಬುಡ್ಲಾ, ಕೇಳವ್ವ.” ನಮ್ಮ ಕಡೆ ಗಂಡ ಸತ್ತರೆ ಹೂವು ತೆಗೆಯುತ್ತೇವೆ, ತೆಗೆಯಲೇ ಅಂತ ನನಗೆ ಬರುವ ಜರ್ಮನ್ನಿನಲ್ಲಿ ಕೇಳಿದೆ. ಎಡಿತ್ ಕೈ ಎತ್ತಿ ಬಾಡಿದ ಮಲ್ಲಿಗೆ ಮುಟ್ಟಿ ನೋಡಿಕೊಂಡರು.

“ನೈನ್. ಇರಲಿ.”

ಡಾಕ್ಟರು ನನ್ನನ್ನು ಬೈಯಲಿಲ್ಲ. ಅವರೇ ಹೋಗಿ ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಅವರ ಭಾಷೆ ಇವರಿಗೆ ಬರುವುದಿಲ್ಲ, ಇವರದ್ದು ಅವರಿಗೆ ಬರುವುದಿಲ್ಲ. ನನ್ನನ್ನು ಕರೆಯಲೂ ಇಲ್ಲ.

೨೯ ಜನವರಿ, ಗುರುವಾರ. ಗಾವಡಗೆರೆ

ಬಟ್ಟೆ ತರಲು ಮನೆಗೆ ಬಂದೆ. ಅಣ್ಣ ಜಾಮೀನಿನ ಮೇಲೆ ಮನೆಯಲ್ಲಿದ್ದಾನೆ. ನಾಳೆ ಪೊಲೀಸಿನವರು ಎಡಿತ್ ಅವರ ಹೇಳಿಕೆ ತೆಗೆದುಕೊಳ್ಳಲು ಬರುತ್ತಾರಂತೆ. ಹೇಳುವುದು ನನ್ನ ಬಾಯಿಂದಲೇ.

ಅಣ್ಣ ತಾನಾಗಿಯೇ ಶುರು ಮಾಡಿದ. “ಆ ಯಜಮಾನ್ರೇ ಎಗಲು ತಟ್ಟಿ ತಟ್ಟಿ ಶ್ನೆಲ್ಲರ್ ಶ್ನೆಲ್ಲರ್ ಅಂದ್ರು ಕಣೇ. ಒತ್ತು ಮುಳುಗದ್ರೊಳ್ಗೆ ಆನೆ ನೋಡ್ಬೇಕಾಗಿತ್ತು ಅವ್ರಿಗೆ. ನಾ ಏನ್ ಮಾಡ್ಲಿ?”

“ಅಮ್ಮಾವ್ರು ಏನಾದ್ರೂ ಅಂದ್ರಾ?”

“ಏನೂ ಅನ್ಲಿಲ್ಲ.” ಪ್ಲಾಸ್ಟರಿನ ದಾರ ಕೀಳುತ್ತಾ ಕೂತ. “ಅಂದಿದ್ರೂ ನಂಗ್ ಕೇಳಿಸ್ನಿಲ್ಲ.”

ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. ನಾನು ಹೊರಡುವಾಗ ಮಾತ್ರ ಬೀದಿಯವರೆಗೆ ಬಂದಳು. “ಆಯಮ್ಮ ಏನಂದ್ರು ಅನ್ನದು ನೀನ್ ಏಳುದ್ರೆ ತಾನೆ ಅವ್ರಿಗ್ ತಿಳಿಯದು? ಅವನು ನಿಮ್ಮಣ್ಣ ಕಣವ್ವ. ಬೇರೆ ಯಾರೂ ಅಲ್ಲ.”

ಬಸ್ಸು ಬಂತು. ಹತ್ತಿದೆ.

೩೦ ಜನವರಿ, ಶುಕ್ರವಾರ. ಹ್ಯಾಂಡ್‌ಪೋಸ್ಟ್

ಸಬ್ ಇನ್‌ಸ್ಪೆಕ್ಟರು, ಜೊತೆಗೆ ಬರೆದುಕೊಳ್ಳಲು ಒಬ್ಬರು. ಎಲೆಕ್ಷನ್ ಬಂದೋಬಸ್ತಿಗೆ ಹೋಗಬೇಕು, ಬೇಗ ಮುಗಿಸಿ ಅಂತ ಬರುವಾಗಲೇ ಗಡಿಯಾರ ನೋಡುತ್ತಿದ್ದರು.

“ಕೇಳಮ್ಮ, ಗಾಡಿ ಎಷ್ಟು ಸ್ಪೀಡಲ್ಲಿತ್ತು?”

ಕೇಳಿದೆ. ಎಡಿತ್ ಯೋಚಿಸಿ ಹೇಳಿದರು – ಎಷ್ಟು ಅಂತ ಗೊತ್ತಿಲ್ಲ. ಶ್ನೆಲ್ಲರ್ ಆಲ್ಸ್ ಫೋರ್‌ಹೇರ್.

“ಮೊದಲಿಗಿಂತ ಜೋರಾಗಿ ಹೋಗ್ತಿತ್ತಂತೆ ಸಾರ್.”

ಬರೆಯುವವರು ತಲೆ ಎತ್ತದೆ, ತಾವು ಬರೆದದ್ದನ್ನು ತಾವೇ ಓದಿಕೊಂಡರು: “ಚಾಲಕನು ಅತಿವೇಗ ಹಾಗೂ ಅಜಾಗರೂಕತೆಯಿಂದ...”

“ಸಾರ್, ಅತಿವೇಗ ಅನ್ಲಿಲ್ಲ ಅವರು. ಮೊದಲಿಗಿಂತ ಜೋರಾಗಿ ಅಂದ್ರು.”

“ಎರಡೂ ಒಂದೇ ಕಣಮ್ಮ.”

“ಒಂದೇ ಅಲ್ಲ ಸಾರ್. ಮೂವತ್ತರಲ್ಲಿ ಹೋಗ್ತಿದ್ದೋನು ನಲವತ್ತಕ್ಕೆ ಏರಿಸಿದ್ರೂ ಮೊದಲಿಗಿಂತ ಜೋರೇ. ಅತಿವೇಗ ಅನ್ನೋಕೆ ಅವರ ಭಾಷೇಲಿ ಬೇರೆ ಮಾತೇ ಇದೆ. ಅದನ್ನ ಅವರು ಹೇಳ್ಲಿಲ್ಲ.”

ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿದರು. “ಆಕ್ಸಿಡೆಂಟ್ ಕೇಸಿಗೆಲ್ಲ ಹಿಂಗೇ ಬರಿಯೋದು. ಮೊದಲಿಗಿಂತ ಜೋರು ಅಂತ ಬರುದ್ರೆ ಕೋರ್ಟಲ್ಲಿ ನಗ್ತಾರೆ. ಸರಿ, ಮುಂದಕ್ಕೆ ಕೇಳು. ಕಾರಲ್ಲಿದ್ದೋರು ಡ್ರೈವರ್‌ಗೆ ಏನಾದ್ರೂ ಹೇಳಿದ್ರಾ?”

ಕೇಳಿದೆ. ಎಡಿತ್ ಚಾವಣಿ ನೋಡುತ್ತಾ ಹೇಳಿದರು – “ರೂಡಿ ಅಂದ, ಶ್ನೆಲ್ಲರ್. ನಾನು ಅಂದೆ, ಲಾಂಗ್‌ಸಾಮರ್. ಎರಡು ಸಲ ಅಂದೆ.”

ಆ ರೂಮಿನಲ್ಲಿ ಆ ಪದ ಗೊತ್ತಿದ್ದವರು ಇಬ್ಬರೇ. ಅವರು ಮತ್ತು ನಾನು. ಗಂಡ ಜೋರಾಗಿ ಹೋಗು ಅಂದರಂತೆ ಸಾರ್ – ಅಲ್ಲಿಗೆ ನಿಲ್ಲಿಸಬಹುದಿತ್ತು. ಅವ್ವ ಹೇಳಿದ್ದು ಕಿವಿಯಲ್ಲೇ ಇತ್ತು. ಅದು ಸುಳ್ಳು ಕೂಡ ಆಗುತ್ತಿರಲಿಲ್ಲ.

ಎಡಿತ್ ನನ್ನ ಬಾಯನ್ನೇ ನೋಡುತ್ತಿದ್ದರು. ನಾಲ್ಕು ದಿನ ಬೆಸ್ಸರ್ ಅಂದ ಬಾಯಿ.

“ಗಂಡ ಇನ್ನೂ ಜೋರಾಗಿ ಅಂದ್ರಂತೆ ಸಾರ್. ಇವರು ಇನ್ನೂ ನಿಧಾನಕ್ಕೆ ಅಂದ್ರಂತೆ. ಎರಡು ಸಲ.”

“ಹಾಂ! ಬರ್ಕೊಳ್ರೀ ಅದನ್ನ.”

ಬರೆದರು. ಆಮೇಲೆ ಸಹಿಗೆ ಮುಂಚೆ, ಭಾಷಾಂತರ ಹೇಳಿದವರ ಹೆಸರು, ತಂದೆಯ ಹೆಸರು, ಊರು.

“ಪವಿತ್ರಾ. ತಂದೆ ಲೇಟ್ ಮಂಚಯ್ಯ. ಗಾವಡಗೆರೆ.”

ಪೆನ್ನು ನಿಂತಿತು. ಹಿಂದಿನ ಹಾಳೆ ತಿರುಗಿಸಿ ನೋಡಿದರು. ಡ್ರೈವರ್ ವಸಂತ, ತಂದೆ ಲೇಟ್ ಮಂಚಯ್ಯ, ಗಾವಡಗೆರೆ. ಇನ್‌ಸ್ಪೆಕ್ಟರಿಗೆ ಸಿಟ್ಟಿಗಿಂತ ಸುಸ್ತೇ ಹೆಚ್ಚಾಯಿತು ಅಂತ ಕಾಣುತ್ತದೆ. “ಮೊದ್ಲೇ ಹೇಳಕ್ಕೇನಾಗಿತ್ತಮ್ಮ? ಆರೋಪಿ ತಂಗಿ ಮಾಡಿದ ಭಾಷಾಂತರ ಯಾರು ಒಪ್ತಾರೆ? ಎಲ್ಲಾ ವೇಸ್ಟು. ಮೈಸೂರಲ್ಲಿ ಬೇರೆಯೋರ್ನ ಹಿಡೀಬೇಕು.” ಬಾಗಿಲ ಹತ್ತಿರ ನಿಂತು, ಇನ್ನೊಂದು ಮಾತು – “ಆದ್ರೂ ನಿಧಾನಕ್ಕೆ ಅಂದ್ರು ಅನ್ನೋದು ನಂಗೆ ಗೊತ್ತಾಯ್ತಲ್ಲ ಬಿಡು. ಮೈಸೂರೋರ ಕೈಲೂ ಅದನ್ನೇ ಕೇಳ್ಸಿದ್ರಾಯ್ತು.”

ಹೋದರು. ಎಡಿತ್ ಕೇಳಿದರು, ಏನಾಯಿತು? ಯಾಕೆ ಹಾಗೆ ಹೊರಟುಬಿಟ್ಟರು?

“ಡೆರ್ ಫಾರರ್ ಇಸ್ಟ್ ಮೈನ್ ಬ್ರೂಡರ್.” ಡ್ರೈವರ್ ನನ್ನ ಅಣ್ಣ.

ಜರ್ಮನ್ನಿನಲ್ಲಿ ಅಣ್ಣನಿಗೂ ತಮ್ಮನಿಗೂ ಒಂದೇ ಪದ. ಅವರು ಕೇಳಿದ್ದು ಇಷ್ಟೇ –

“ಎಲ್ಟರ್? ಯುಂಗರ್?” ದೊಡ್ಡವನೋ, ಚಿಕ್ಕವನೋ.

“ಎಲ್ಟರ್.”

ಹೂಂ ಅನ್ನುವ ಹಾಗೆ ತಲೆ ಹಾಕಿದರು. ಆಮೇಲೆ ನನ್ನ ಜೊತೆ ಮಾತಾಡಲಿಲ್ಲ. ಸಂಜೆ ನಾನು ಗಂಜಿ ತಂದರೆ ಕಣ್ಣು ಮುಚ್ಚಿ ಮಲಗಿದ್ದರು. ರಾಚಮ್ಮ ಕುಡಿಸಿದಾಗ ಕುಡಿದರು.

೧ ಫೆಬ್ರವರಿ, ಭಾನುವಾರ. ಗಾವಡಗೆರೆ

ಕ್ಲಾಸಿಗೆ ಹೋಗಲಿಲ್ಲ.

ಅಣ್ಣನಿಗೆ ವಿಷಯ ಮುಟ್ಟಿದೆ. ಬಾಗಿಲಿಗೆ ಅಡ್ಡ ನಿಂತಿದ್ದ.

“ಸುಮ್ಕಿರಕ್ಕಾಗ್ನಿಲ್ವಾ ನಿಂಗೆ?”

“ಅತಿವೇಗ ಅಂತ ಬರ್ಕೊಂಡ್ರು ಅಣ್ಣ. ಅದಕ್ಕೆ ಜಗಳ ಆಡ್ದೆ ನಾನು...”

“ಅದ್ ಬುಡು. ನಿಧಾನಕ್ಕೆ ಅಂದ್ರು ಅಂತ ಯಾಕ್ ಏಳ್ದೆ?”

“ಅವರು ಅಂದಿದ್ರು.”

“ನಂಗೆ ಕೇಳಿಸ್ನಿಲ್ಲ ಅಂದ್ನಲ್ಲ! ಇಂಜಿನ್ ಸದ್ದು, ಯಜಮಾನ್ರು ಬೇರೆ ಕಿವಿ ಪಕ್ಕ ಕೂಗ್ತಾವ್ರೆ... ಕೇಳಿಸಿದ್ರೂ ಆ ಪದ ನಂಗ್ ಎಲ್ ನ್ಯಾಪಕ ಬತ್ತದೆ?”

ಎತ್ತುಗಳು ಕೊಟ್ಟಿಗೆಯಿಂದ ನಮ್ಮನ್ನೇ ನೋಡುತ್ತಿದ್ದವು. ಮಾತು ಬೆಳೆಸಲಿಲ್ಲ. ನಂಬಬೇಕು ಅನ್ನಿಸಿತು. ನಂಬಿದೆ ಅಂತಲೇ ಇಟ್ಟುಕೊಳ್ಳುತ್ತೇನೆ.

ಅವ್ವ ಅನ್ನ ಬಡಿಸಿದಳು. ತಟ್ಟೆಯನ್ನು ನನ್ನ ಮುಂದೆ ಇಡಲಿಲ್ಲ. ಗೋಡೆಯ ಪಕ್ಕ ಇಟ್ಟು ಹೋದಳು. ನಾನೇ ಎಳೆದುಕೊಳ್ಳಬೇಕು.

೧೪ ಫೆಬ್ರವರಿ, ಶನಿವಾರ

ಬರೆಯಲು ಏನೂ ಇಲ್ಲ ಅಂತ ಬರೆಯಲಿಲ್ಲ.

ಅಣ್ಣನ ಲೈಸೆನ್ಸು ಪೊಲೀಸರ ಹತ್ತಿರ. ಟ್ರಾವೆಲ್ಸಿನವರು ಕೇಸು ಮುಗಿಯುವವರೆಗೆ ಬರಬೇಡ ಅಂದರಂತೆ. ಇಡೀ ದಿನ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ನೆರಳಲ್ಲಿ ಕೂತಿರುತ್ತಾನೆ. ಊರಿನವರು ಮಾತಾಡಿಸಿದರೆ ಎದ್ದು ಇನ್ನೊಂದು ಪಕ್ಕಕ್ಕೆ ಹೋಗುತ್ತಾನೆ.

ಅವ್ವ ಎರಡು ವಾರದಿಂದ ನನ್ನ ಹೆಸರು ಹಿಡಿದು ಕರೆದಿಲ್ಲ.

ಎಡಿತ್ ಅವರನ್ನು ಮೈಸೂರಿಗೆ ಸಾಗಿಸಿದ್ದಾರೆ. ಸ್ಟ್ರೆಚರಿನ ಮೇಲೆಯೇ ಶವಾಗಾರಕ್ಕೆ ಹೋಗಿ ರೂಡಿಯನ್ನು ನೋಡಿದರಂತೆ. ಅಲ್ಲೇ ದಹನ. ಗೈಡು ಆಫೀಸಿಗೆ ಫೋನು ಮಾಡಿ ಹೇಳಿದ. ಇನ್ನೊಂದು ವಿಷಯವನ್ನೂ ಹೇಳಿದ – ಊರಿಗೆ ಹೊರಡುವ ಮುಂಚೆ, ಮುಂದಿನ ಶನಿವಾರ, ಅವರು ಡ್ರೈವರನ್ನು ನೋಡಬೇಕಂತೆ. ಮಾತು ತಿಳಿಸಲು ಅವನು ಬರುತ್ತೇನೆ ಅಂದರೆ ಬೇಡ ಅಂದರಂತೆ. “ತಂಗಿಯೇ ಹೇಳಲಿ.”

ಅಣ್ಣನಿಗೆ ಹೇಳಿದೆ. ಬರುವುದಿಲ್ಲ ಅಂದ. ಒಂದು ಗಂಟೆ ಬಿಟ್ಟು ಬಂದು ಕೇಳಿದ – “ಏನ್ ಉಟ್ಕಂಡ್ ಬರ್ಲಿ?”

೨೧ ಫೆಬ್ರವರಿ, ಶನಿವಾರ. ದೀಪ ಹಚ್ಚುವ ಹೊತ್ತು

ಹೋಗಿ ಬಂದೆವು.

ಅಣ್ಣ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದ. ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಿತ್ತಳೆ ಹಣ್ಣು ತೆಗೆದುಕೊಂಡ. ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಒಂದೇ ಸಲ ಬಾಯಿ ಬಿಟ್ಟ. “ಕಾಲಿಗ್ ಬಿದ್ಬುಡ್ತೀನಿ ಕಣೇ. ಅವ್ರು ಏನಾದ್ರೂ ಅನ್ಲಿ.”

ಎಡಿತ್ ಗಾಲಿ ಕುರ್ಚಿಯಲ್ಲಿ ಕಿಟಕಿಯ ಹತ್ತಿರ ಇದ್ದರು. ತುಂಬಾ ಇಳಿದುಹೋಗಿದ್ದಾರೆ. ಅಣ್ಣ ಕಾಲಿಗೆ ಬೀಳಲು ಬಗ್ಗಿದ. ಅವರಿಗೆ ಅದೇನು ಅಂತ ತಿಳಿಯಲಿಲ್ಲ – ಹೆದರಿ ಕುರ್ಚಿ ಹಿಂದಕ್ಕೆ ಸರಿಸಿದರು. ಅಣ್ಣ ಅರ್ಧ ಬಗ್ಗಿದವನು ಹಾಗೇ ಎದ್ದು ಕೈ ಮುಗಿದು ನಿಂತ. ಮುಗಿಯಲೂ ಸರಿಯಾಗಿ ಆಗಲಿಲ್ಲ, ಪ್ಲಾಸ್ಟರು.

ಅವರು ಮಾತಾಡಿದ್ದು ಅಣ್ಣನ ಮುಖ ನೋಡಿಕೊಂಡು. ನನಗೆ ಪೂರಾ ತಿಳಿಯಲಿ ಅಂತ ನಿಧಾನಕ್ಕೆ, ಒಂದೊಂದೇ ವಾಕ್ಯ. ಒಂದು ಪದವೂ ತಪ್ಪಲಿಲ್ಲ ನನಗೆ. ತಪ್ಪಿದ್ದರೆ ಚೆನ್ನಾಗಿತ್ತು.

ಅವರ ಮಾತಿನಲ್ಲೇ – ಪೊಲೀಸರಿಗೆ ಇನ್ನೇನೂ ಹೇಳುವುದಿಲ್ಲ. ಕೋರ್ಟಿಗೆ ಬರುವುದಿಲ್ಲ. ರೂಡಿಯನ್ನು ಮನೆಗೆ ಕರೆದುಕೊಂಡು ಹೋಗುತ್ತೇನೆ. ಆದರೆ ಒಂದು ಮಾತು ಇವನಿಗೆ ಗೊತ್ತಿರಬೇಕು. ನಾನು ಲಾಂಗ್‌ಸಾಮರ್ ಅಂದಾಗ ಇವನು ಕನ್ನಡಿಯಲ್ಲಿ ನನ್ನನ್ನು ನೋಡಿದ. ನಕ್ಕ. “ಯಾ ಯಾ, ಲಾಂಗ್‌ಸಾಮರ್” ಅಂದ. ನಮ್ಮೂರಿನ ಹುಡುಗನೇ ಅಂದ ಹಾಗಿತ್ತು. ಇಷ್ಟು ದೂರದಲ್ಲಿ ನನ್ನ ಮಾತು ತಿಳಿಯುವವನೊಬ್ಬ ಇದ್ದಾನಲ್ಲ ಅಂತ ಜೀವಕ್ಕೆ ಹಾಯಾಯಿತು. ಕಾರು ನಿಧಾನವೂ ಆಯಿತು. ಆಮೇಲೆ ರೂಡಿ ಹೆಗಲು ತಟ್ಟಿದ. ಇವನು ಮತ್ತೆ ಕನ್ನಡಿಯಲ್ಲಿ ನೋಡಿದ. ನಾನು ಮತ್ತೆ ಅಂದೆ. ಈ ಸಲ ಅವರಿಬ್ಬರೂ ನಕ್ಕರು – ಗಂಡಸರು ನಗುವ ಹಾಗೆ.

ಇವನಿಗೆ ಇಬ್ಬರ ಮಾತೂ ತಿಳಿದಿತ್ತು. ಆರಿಸಿಕೊಂಡ. ರೂಡಿಯನ್ನು ಕ್ಷಮಿಸುವುದೇ ಕಷ್ಟ, ನಲವತ್ತು ವರ್ಷ ಜೊತೆಗಿದ್ದವನು. ಇವನನ್ನು ಕ್ಷಮಿಸುವುದು ಶ್ವೇರರ್. ಇನ್ನೂ ಕಷ್ಟ. ದಿನವೂ ಪ್ರಯತ್ನಪಟ್ಟೆ. ಆಗಲಿಲ್ಲ. ಸುಳ್ಳು ಹೇಳಿ ಹೋಗಲು ನನಗೆ ಇಷ್ಟವಿಲ್ಲ. ಇದನ್ನು ಇವನಿಗೆ ಹೇಳು. ಮೆತ್ತಗೆ ಮಾಡಿ ಹೇಳಬೇಡ.

ಅಷ್ಟೇ. ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು.

ಅಣ್ಣ ಅವರ ಮುಖ ನೋಡಿದ, ನನ್ನ ಮುಖ ನೋಡಿದ. ಲಾಂಗ್‌ಸಾಮರ್ ಅನ್ನುವುದು ಬಂದಾಗ ಅವನ ಕಣ್ಣು ನೆಲಕ್ಕೆ ಇಳಿದಿದ್ದನ್ನು ನಾನು ನೋಡಿದೆ. ಅವನಿಗೆ ಎಷ್ಟು ತಿಳಿಯಿತೋ. “ಏನಂದ್ರು ಪವಿ?”

“ಆಮೇಲೆ ಹೇಳ್ತೀನಿ.”

ಕಿತ್ತಳೆ ಚೀಲವನ್ನು ಎಲ್ಲಿಡಬೇಕು ಅಂತ ತಿಳಿಯದೆ ಬಾಗಿಲ ಪಕ್ಕ ನೆಲದ ಮೇಲೆ ಇಟ್ಟು ಬಂದ.

ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ. ಬಿಳಿಕೆರೆ ದಾಟಿದ ಮೇಲೆ ಕೇಳಿದ. ಹುಣಸೂರಿನಲ್ಲಿ ಇಳಿದಾಗ ತೋಳು ಹಿಡಿದು ಕೇಳಿದ – “ಬೈದ್ರಾ? ಏಳೇ. ಬೈದಿದ್ರೆ ಬೈದ್ರು ಅನ್ನು. ಕ್ಷಮಿಸಿವ್ನಿ ಅಂದ್ರಾ?” ಕ್ಷಮಿಸಿದ್ದಾರೆ ಅಂದುಬಿಟ್ಟರೆ ಇವನು ಎದ್ದು ಉಣ್ಣುತ್ತಾನೆ. ಅವರು ಕೋರ್ಟಿಗೆ ಬರದಿದ್ದರೆ ಕೇಸೂ ಮೆತ್ತಗಾಗುತ್ತದೆ. ಅವ್ವ ಮತ್ತೆ ನನ್ನ ಹೆಸರು ಕರೆಯುತ್ತಾಳೆ. ಅವರು ನಾಳೆ ವಿಮಾನದಲ್ಲಿರುತ್ತಾರೆ, ಯಾರು ಕೇಳಬೇಕು...

ನಿಜ ಹೇಳಿಬಿಟ್ಟರೆ, ಇವನು ನನಗೆ ಸುಳ್ಳು ಹೇಳಿದ್ದೂ ನಮ್ಮಿಬ್ಬರ ನಡುವೆ ಬಂದು ಕೂರುತ್ತದೆ. ಆಮೇಲೆ ಈ ಮನೆಯಲ್ಲಿ ಹೇಗೆ ಇರುವುದು.

ಜಗಲಿಯ ಮೇಲೆ ಕೂತಿದ್ದಾನೆ. ಶರ್ಟು ಬಿಚ್ಚಿಲ್ಲ. ಅವ್ವ ಇಟ್ಟ ಮುದ್ದೆ ಹಾಗೇ ಇದೆ. ನಾನು ಒಳಗೆ ಏನು ಮಾಡುತ್ತಿದ್ದೇನೆ ಅಂತ ಆಗಾಗ ಬಾಗಿಲ ಕಡೆ ನೋಡುತ್ತಾನೆ. ಎದುರು ನಿಂತರೆ ಬಾಯಿ ಕಟ್ಟುತ್ತದೆ. ಮೊದಲು ಇಲ್ಲಿ ಕನ್ನಡದಲ್ಲಿ ಬರೆದು ನೋಡುತ್ತೇನೆ, ಇದ್ದದ್ದು ಇದ್ದ ಹಾಗೆ. ಆಮೇಲೆ ಹೋಗಿ ಅದನ್ನೇ ಹೇಳುತ್ತೇನೆ.

ಅಣ್ಣ, ಅವರು ಅಂದಿದ್ದು ಇಷ್ಟು – ನೀನು ಕನ್ನಡಿಯಲ್ಲಿ ಅವರನ್ನು ನೋಡಿ, ನಕ್ಕು, ‘ಯಾ ಯಾ, ಲಾಂಗ್‌ಸಾಮರ್’ ಅಂದೆ.